ಇಲ್ಲದ ಅಡ್ಡರಸ್ತೆ

ಆಫೀಸಿಗೆ ಬಂದು ಒಂದು ಗಂಟೆಯೂ ಆಗಿರಲಿಲ್ಲ, ಆಗಲೇ ನಾಲ್ಕನೆಯ ಸಲ ಅವನು ಫೋನು ತೆಗೆದು ಮಗಳ ನಕ್ಷೆಯ ಫೋಟೋ ನೋಡಿದ. ಮಗಳ ನಕ್ಷೆ ಎಂದೇ ಅವನು ಮನಸ್ಸಿನೊಳಗೂ ಕರೆದುಕೊಳ್ಳುತ್ತಿದ್ದ. ಕೇಳುವವರು ಯಾರೂ ಇಲ್ಲದಿದ್ದರೂ ಮನುಷ್ಯ ಕೆಲವು ಸುಳ್ಳುಗಳನ್ನು, ಅಭ್ಯಾಸ ತಪ್ಪಬಾರದೆಂದು, ತನಗೆ ತಾನೇ ಹೇಳಿಕೊಳ್ಳುತ್ತಿರುತ್ತಾನೆ. ಇವತ್ತು ಹನ್ನೊಂದೂವರೆಗೆ ಐದನೇ ಕ್ಲಾಸಿನ ಮೂವತ್ತೆಂಟು ಮಕ್ಕಳು ಆ ನಕ್ಷೆ ಹಿಡಿದುಕೊಂಡು ಶಾಲೆಯಿಂದ ಅವನ ಮನೆಯ ತನಕ ನಡೆದು ಬರುವವರಿದ್ದರು. ‘ನಮ್ಮ ಮನೆಯಿಂದ ಶಾಲೆಗೆ ದಾರಿ’ ಎಂದು ಎಲ್ಲರಿಗೂ ಬರೆಯಲು ಕೊಟ್ಟಿದ್ದರಲ್ಲಿ ಅವನ ಮಗಳದ್ದೇ ಎಲ್ಲಕ್ಕಿಂತ ಚೆನ್ನಾಗಿದೆ ಎಂದು ಟೀಚರು ಆರಿಸಿದ್ದರು. ನಕ್ಷೆ ಓದುವುದೆಂದರೇನು ಎಂದು ಮಕ್ಕಳಿಗೆ ಕಾಲಿನಿಂದಲೇ ಗೊತ್ತಾಗಲಿ ಎಂದು ಈ ನಡಿಗೆ ಇಟ್ಟುಕೊಂಡಿದ್ದರು. ಮುಂದೆ ನಿಂತು ದಾರಿ ತೋರಿಸುವವಳು ಮಗಳು. ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದ ಹೆಂಡತಿ ಅರ್ಧ ದಿನ ರಜೆ ಹಾಕಿ, ಬಿಸ್ಕತ್ತಿನ ಪೊಟ್ಟಣಗಳನ್ನು ತಂದಿಟ್ಟು, ಪಕ್ಕದ ಮನೆಯಿಂದ ಲೋಟ ಕೇಳಿ ತಂದಿದ್ದಳು. ನೀನೂ ಇರಬಾರದಾ ಎಂದು ಅವಳು ಕೇಳಿದ್ದಕ್ಕೆ, ಮಕ್ಕಳ ವಿಷಯದಲ್ಲಿ ದೊಡ್ಡವರು ತೀರಾ ತಲೆ ಹಾಕಬಾರದು ಎಂದು ಅವನು ಹೇಳಿದ್ದ. ಹೆಂಡತಿ ಅವನನ್ನು ಒಂದು ಸಲ ನೋಡಿ, ಸಿರಿಂಜಿಗೆ ಸೂಜಿ ಹಾಕುವಾಗಿನ ಮುಖ ಮಾಡಿಕೊಂಡು ಲೋಟ ತೊಳೆಯಲು ಹೋಗಿದ್ದಳು.

ತಲೆ ಹಾಕಿದ್ದು ಎರಡು ಭಾನುವಾರದ ಹಿಂದೆ. ಮಗಳು ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು, ನಾಲಿಗೆ ಹೊರಗಿಟ್ಟು, ಮನೆಯಿಂದ ಒಂದು ದಾರಿ ಎಳೆದಿದ್ದಳು. ಅದು ಕರುಳಿನ ಹಾಗೆ ಸುತ್ತಿ ಸುತ್ತಿ ಹೋಗಿತ್ತು. ದಾರಿಯ ಪಕ್ಕ ಒಂದು ನಾಯಿ, ಶಾಲೆಗಿಂತ ದೊಡ್ಡದು. ಒಂದು ನೀಲಿ ಗೇಟು; ಒಬ್ಬ ಅಜ್ಜಿ, ಕುರ್ಚಿ ಸಮೇತ. ಒಂದು ಕಡೆ ಏನೂ ಬರೆಯದೆ ಬರೀ ಕಪ್ಪಗೆ ತೀಡಿಟ್ಟಿದ್ದಳು. ಇದೇನು ಎಂದರೆ, ಅಲ್ಲಿ ಓಡಬೇಕು ಎಂದಳು. ಅವನಿಗೆ ನಗು ಬಂತು. ಅಳತೆಯೇ ಇಲ್ಲವಲ್ಲ ಎಂದ, ಉತ್ತರ ಯಾವ ಕಡೆ ಎಂದು ಕೇಳಿದ, ಅವಳು ಕಿಟಕಿ ತೋರಿಸಿದಳು. ಒಂದು ಗೆರೆ ಹೇಗೆಂದು ತೋರಿಸುತ್ತೇನೆ, ಒಂದೇ ಒಂದು, ಎಂದು ಪೆನ್ಸಿಲು ತೆಗೆದುಕೊಂಡ. ಆಮೇಲೆ ಅಟ್ಟದಿಂದ ಪೆಟ್ಟಿಗೆ ಇಳಿಯಿತು. ನಗರ ಯೋಜನೆಯ ಕಚೇರಿಯಲ್ಲಿ ಹತ್ತೊಂಬತ್ತು ವರ್ಷದಿಂದ ನಕ್ಷೆ ಬರೆಯುವವನು ಅವನು. ಆದರೆ ಆರು ವರ್ಷದ ಹಿಂದೆ ಕಂಪ್ಯೂಟರು ಬಂದ ಮೇಲೆ ಬರೆಯುವುದೆಂಬುದು ಬರೀ ಮಾತಿಗೆ ಉಳಿದು, ನಿಬ್ಬಿನ ಪೆನ್ನುಗಳು ಅಟ್ಟ ಸೇರಿದ್ದವು. ಇಂಕು ಗಟ್ಟಿಯಾಗಿತ್ತು, ಬಿಸಿನೀರಿನಲ್ಲಿಟ್ಟರೆ ದಾರಿಗೆ ಬಂತು. ಸುಮ್ಮನಿದ್ದು ಸುಮ್ಮನಿದ್ದು ಜಡವಾಗಿದ್ದ ಕೈ ಮೊದಲ ಗೆರೆಗೆ ನಡುಗಿತು, ಎರಡನೆಯದಕ್ಕೆ ಸ್ವಲ್ಪ ಅನುಮಾನಿಸಿತು, ಅಲ್ಲಿಂದ ಮುಂದೆ ತನ್ನಷ್ಟಕ್ಕೇ ಓಡತೊಡಗಿತು. ಯಾವ ರಸ್ತೆ ಎಲ್ಲಿ ತಿರುಗುತ್ತದೆಂದು ಯಾರನ್ನೂ ಕೇಳುವ ಅಗತ್ಯ ಅವನಿಗಿರಲಿಲ್ಲ. ಅವನ ಮನೆ, ಮಗಳ ಶಾಲೆ ಎರಡೂ ಬರುವ, ನಗರದ ನಕ್ಷೆಯ ಹದಿನಾಲ್ಕನೆಯ ಹಾಳೆಯನ್ನು ಆಫೀಸಿನಲ್ಲಿ ಎಷ್ಟು ಸಲ ಬರೆದಿದ್ದನೆಂದರೆ ಕಣ್ಣು ಕಟ್ಟಿದರೂ ಬರೆದಾನು. ಮಗಳು ಮೊದಲು ಎದುರು ಕುರ್ಚಿಯಲ್ಲಿದ್ದಳು, ಆಮೇಲೆ ಬಗಲಲ್ಲಿ ಬಂದು ನಿಂತಳು, ಆಮೇಲೆ ಇಂಕು ಆರಲೆಂದು ಊದುವ ಕೆಲಸ ಅವಳಿಗೆ ಸಿಕ್ಕಿತು. ಸಂಜೆ ಹೆಂಡತಿ ಬಂದು ನೋಡಿ, ಐದನೇ ಕ್ಲಾಸನ್ನು ಎರಡನೇ ಸಲ ಓದುತ್ತಿದ್ದೀಯ, ಈ ಸಲವಾದರೂ ಒಳ್ಳೆಯ ಮಾರ್ಕು ಬರಬಹುದು ಎಂದಳು. ಅವನು ಹಿಗ್ಗಿ ಹೀರೇಕಾಯಿಯಾಗಿದ್ದ, ಮಾತು ತಾಗಲಿಲ್ಲ. ಕೊನೆಗೆ ಬಲಮೂಲೆಯಲ್ಲಿ ಆಫೀಸಿನ ಪದ್ಧತಿಯಂತೆ ಒಂದು ಚೌಕ ಹಾಕಿ, ‘ಬರೆದವರು’ ಎಂಬಲ್ಲಿ ಮಗಳ ಹೆಸರು ಬರೆದ. ಅದನ್ನೂ ಅವನೇ ಬರೆದ, ಅವಳ ಅಕ್ಷರ ಚೌಕದಿಂದ ಆಚೆ ಹೋದೀತೆಂದು.

ಈಗ ಫೋಟೋದಲ್ಲಿ ಆ ಚೌಕವನ್ನು ದೊಡ್ಡದು ಮಾಡಿ ನೋಡುತ್ತಿದ್ದಾಗ ಬ್ಲೇಡಪ್ಪನವರ ಉಸಿರು ಹೆಗಲ ಮೇಲೆ ಬಿದ್ದಂತಾಯಿತು. ಅವನು ಕೆಲಸಕ್ಕೆ ಸೇರಿದಾಗ ಇದ್ದ ಹಿರಿಯ ನಕ್ಷೆಗಾರರು ಅವರು. ಹೆಸರು ಬೇರೆ ಏನೋ ಇತ್ತು, ಅದನ್ನು ಸಂಬಳದ ಚೀಟಿಯಲ್ಲಿ ಮಾತ್ರ ಉಪಯೋಗಿಸುತ್ತಿದ್ದರು. ಕಿರಿಯರು ಗೆರೆ ಎಳೆದು ಮುಗಿಸಿದ ಮೇಲೆ ಹಿಂದಿನಿಂದ ಬಂದು ನಿಲ್ಲುವರು. ಬಾಯಿಬಿಟ್ಟು ಏನೂ ಹೇಳುವವರಲ್ಲ. ಜೇಬಿನಿಂದ ಅರ್ಧ ಬ್ಲೇಡು ತೆಗೆದು, ಹಾಳೆಗೆ ನೋವಾಗದ ಹಾಗೆ ಇಂಕನ್ನು ಕೆರೆದು, ಅದೇ ಗೆರೆಯನ್ನು ತಾವೇ ಎಳೆದು ಹೋಗುವರು. ಮೊದಲ ವರ್ಷ ಅವನ ಹೆಸರು ‘ಬರೆದವರು’ ಎಂಬಲ್ಲಿದ್ದ ಹನ್ನೆರಡು ಹಾಳೆಗಳಲ್ಲಿ ಅವನದೆಂದು ಹೇಳಬಹುದಾದ ಗೆರೆ ಒಂದೂ ಇರಲಿಲ್ಲ. ಒಂದು ಮಧ್ಯಾಹ್ನ ಕಚೇರಿಯ ಮೆಟ್ಟಿಲ ಕೆಳಗೆ ನಿಂತು ಅತ್ತಿದ್ದ, ಇಪ್ಪತ್ತಮೂರು ವರ್ಷದ ಗಂಡಸು. ಆದರೆ ಕೈ ಕುದುರಿದ್ದು ಅವರಿಂದಲೇ ಎಂದು ಆಮೇಲೆ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ, ಅವರು ನಿವೃತ್ತರಾದ ದಿನ ಮೈಕಿನಲ್ಲೂ ಹೇಳಿದ. ಬ್ಲೇಡಪ್ಪನವರು ಮೈಕು ತೆಗೆದುಕೊಂಡು, ನಾನು ಯಾರಿಗೂ ಏನೂ ಕಲಿಸಲಿಲ್ಲ, ಕೆಟ್ಟ ಗೆರೆ ಕಂಡರೆ ನನಗೆ ಹೊಟ್ಟೆ ತೊಳಸುತ್ತಿತ್ತು, ಅಷ್ಟೇ ಎಂದರು. ಎಲ್ಲರೂ ನಕ್ಕರು, ಅವನೂ ನಕ್ಕ. ಮಗಳ ಆ ಮೊದಲ ಹಾಳೆ ಏನಾಯಿತು ಎಂದು ಈಗ ನೆನಪು ಮಾಡಿಕೊಳ್ಳಲು ನೋಡಿದ. ನಿಬ್ಬು ಒರೆಸಿಕೊಳ್ಳಲು ಕೈಗೆ ಸಿಕ್ಕ ಕಾಗದ ಅದೇ ಇರಬೇಕು.

ಪ್ರಿಂಟ್ ರೂಮಿನವನು ಸಹಿಗೆ ಕಾಗದ ತಂದ. ಆಸಾಮಿಗೆ ಯಾರ ಮೇಜಿನ ಮೇಲೆ ಏನಿದ್ದರೂ ಬಗ್ಗಿ ನೋಡದಿದ್ದರೆ ತಿಂದದ್ದು ಅರಗುವುದಿಲ್ಲ. ನೋಡಲಿ ಎಂದೇ ಇವನೂ ಫೋನು ಆರಿಸದೆ ಇಟ್ಟಿದ್ದ. ನಮ್ಮ ಹುಡುಗಿ ಬರೆದದ್ದು, ಐದನೇ ಕ್ಲಾಸು ಎಂದ. ಪ್ರಿಂಟ್ ರೂಮಿನವನು ಕನ್ನಡಕ ಹಣೆಗೇರಿಸಿ ಫೋಟೋವನ್ನು ಆ ಕಡೆ ಈ ಕಡೆ ಸರಿಸಿದ. ಅಕ್ಷರ ಹೊಗಳಿದ, ದಿಕ್ಕು ತೋರಿಸುವ ಬಾಣ ಹೊಗಳಿದ, ಇದೆಲ್ಲ ರಕ್ತದಲ್ಲೇ ಬರಬೇಕು ಎಂದ. ಆಮೇಲೆ ಅವನ ಬೆರಳು ಒಂದು ಕಡೆ ನಿಂತಿತು.

“ಈ ಅಡ್ಡರಸ್ತೆ ಎಲ್ಲಿದೆ ಸಾರ್?”

“ಗೋಡೌನ್ ಪಕ್ಕ. ಮೂವತ್ತಡಿ ರಸ್ತೆ.”

“ಅಲ್ಲೆಲ್ಲಿ ರಸ್ತೆ? ಗೋಡೌನಿನವರ ಕಾಂಪೌಂಡ್ ಗೋಡೆ ಇದೆ. ನಮ್ಮ ಅತ್ತಿಗೆ ಮನೆ ಆ ಬೀದೀಲೇ ಇರೋದು.” ಅವನು ನಗತೊಡಗಿದ. “ಇದು ನಮ್ಮ ಆಫೀಸಿನ ರಸ್ತೆ ಸಾರ್. ಆಫೀಸಲ್ಲಿ ಮಾತ್ರ ಇದೆ.”

ಹೌದು. ಹನ್ನೊಂದು ವರ್ಷದ ಹಿಂದೆ ಹದಿನಾಲ್ಕನೆಯ ಹಾಳೆಯಲ್ಲಿ ಆ ರಸ್ತೆ ತುಂಡು ಗೆರೆಯಲ್ಲಿತ್ತು. ಮುಂದೆ ಆಗಬೇಕಾದದ್ದನ್ನು ತುಂಡು ಗೆರೆಯಲ್ಲಿ, ಆಗಿರುವುದನ್ನು ಇಡೀ ಗೆರೆಯಲ್ಲಿ ತೋರಿಸುವುದು ಅವರ ಕಚೇರಿಯ ಪದ್ಧತಿ. ಮಂಜೂರಾತಿ ಬಂದ ದಿನ ಆಗಿನ ಇಂಜಿನಿಯರು ಅವಸರ ಮಾಡಿ, ಇನ್ನೇನು ಆಗೇ ಹೋಯಿತಲ್ಲ, ಗೆರೆ ಕೂಡಿಸಿಬಿಡಿ ಎಂದಿದ್ದರು. ಕೂಡಿಸಿದವನು ಅವನೇ. ಗೋಡೌನಿನವರು ಕೋರ್ಟಿಗೆ ಹೋದದ್ದನ್ನಾಗಲಿ, ಇಂಜಿನಿಯರು ವರ್ಗವಾದದ್ದನ್ನಾಗಲಿ ಹಾಳೆಗೆ ಯಾರೂ ತಿಳಿಸಲಿಲ್ಲ. ಅದೇ ಬಡಾವಣೆಗೆ ಅವನು ಬಾಡಿಗೆಗೆ ಬಂದು ಮೂರು ವರ್ಷವಾಗಿತ್ತು. ಆದರೆ ಬೆಳಿಗ್ಗೆ ಅವನ ಸ್ಕೂಟರು ಎಡಕ್ಕೆ ತಿರುಗುತ್ತಿತ್ತು, ಗೋಡೌನು ಬಲಕ್ಕಿತ್ತು. ಶಾಲೆಗೆ ಸೇರಿಸುವ ದಿನ ದೊಡ್ಡ ರಸ್ತೆಯಲ್ಲಿ ಸುತ್ತಿ ಹೋಗಿದ್ದರು. ಮಗಳು ಪಕ್ಕದ ಮನೆಯ ಹುಡುಗಿಯ ಜೊತೆ ದಿನಾ ನಡೆದು ಹೋಗುತ್ತಾಳೆ. ಯಾವ ದಾರಿಯಲ್ಲಿ ಎಂದು ಅವನಿಗೆ ಗೊತ್ತಿರಲಿಲ್ಲ. ಆ ದಾರಿಯನ್ನು ಬರೆಯುವಾಗಲೂ ಕೇಳಿರಲಿಲ್ಲ. ಇಷ್ಟು ಸಣ್ಣ ಮಾತು ಇಷ್ಟು ತಡವಾಗಿ ತಲೆಗೆ ಹೊಳೆಯಿತು. ಮೂವತ್ತೆಂಟು ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ಮಗಳು ಹೋಗಿ ಗೋಡೆಯ ಮುಂದೆ ನಿಲ್ಲುತ್ತಾಳೆ. ಐದನೇ ಕ್ಲಾಸಿನಲ್ಲಿ ಶುರುವಾದ ನಗು ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನು ಅವನು ಬಲ್ಲ. ಮೂರನೇ ಕ್ಲಾಸಿನಲ್ಲಿ ಒಂದೇ ಒಂದು ಸಲ ಅವನು ಚಡ್ಡಿ ಒದ್ದೆ ಮಾಡಿಕೊಂಡಿದ್ದ. ಅವನ ಮದುವೆಯ ಊಟದಲ್ಲೂ ಗೆಳೆಯರು ನೀರು ಹಾಕುವವನನ್ನು ಕರೆದು, ಮದುಮಗನಿಗೆ ಸ್ವಲ್ಪ ಕಡಿಮೆ ಹಾಕಪ್ಪ ಎಂದಿದ್ದರು. ಶಾಲೆಗೆ ಫೋನು ಮಾಡಿದ. ಎತ್ತಿಕೊಂಡ ಹೆಂಗಸು, ಮಕ್ಕಳು ಸಾಲಾಗಿ ನಿಂತಿದ್ದಾರೆ, ಇನ್ನೇನು ಹೊರಡುತ್ತಾರೆ, ಟೀಚರಿಗೆ ಏನು ಹೇಳಬೇಕು ಎಂದು ಕೇಳಿದಳು. ಏನು ಹೇಳಬೇಕು? ಏನೂ ಇಲ್ಲ ಎಂದು ಇಟ್ಟುಬಿಟ್ಟ.

ಈಗಿನ ಇಂಜಿನಿಯರು ಅವನಿಗಿಂತ ಹನ್ನೆರಡು ವರ್ಷ ಚಿಕ್ಕ ಹೆಂಗಸು. ಅವಳ ಮುಂದೆ ನಿಂತು ಹೊಟ್ಟೆನೋವು ಎಂದ. ಅವಳು ಪರದೆಯಿಂದ ಕಣ್ಣು ತೆಗೆಯದೆ, ಮಧ್ಯಾಹ್ನದ ಹೊತ್ತಿಗೆ ವಾಸಿಯಾದರೆ ಬನ್ನಿ ಎಂದಳು. ಹೊಟ್ಟೆಯಲ್ಲಿ ನಿಜವಾಗಿಯೂ ಏನೋ ಕಿವುಚುತ್ತಿತ್ತು, ಆದ್ದರಿಂದ ಹೇಳಿದ್ದು ಪೂರ್ತಿ ಸುಳ್ಳಲ್ಲ ಎಂದು ಮೆಟ್ಟಿಲಿಳಿಯುತ್ತ ಸಮಾಧಾನ ಮಾಡಿಕೊಂಡ. ಸ್ಕೂಟರಿನ ಮೇಲೆ ಮೊದಲ ಸಿಗ್ನಲ್ಲಿಗೆ ಬರುವಷ್ಟರಲ್ಲಿ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಆರಿಸಿಕೊಳ್ಳಬೇಕಿತ್ತು. ಐದನೇ ಕ್ಲಾಸಿನ ಮಗುವಿಗೆ ನಕ್ಷೆ ಬರೆ ಎಂದ ಶಾಲೆ. ಕೋರ್ಟಿಗೆ ಹೋದ ಗೋಡೌನಿನವರು. ನೋಡಿಯೂ ಬಾಯಿಮುಚ್ಚಿಕೊಂಡಿದ್ದ ಹೆಂಡತಿ. ಪಕ್ಕದ ಮನೆಯ ಹುಡುಗಿಯ ತಂದೆ ಮಗಳ ಪುಸ್ತಕವನ್ನು ಕೈಯಲ್ಲೂ ಮುಟ್ಟುವವನಲ್ಲ. ಅವಳ ನಕ್ಷೆಯಲ್ಲಿ ರಸ್ತೆಗಳು ಮನೆಗಳ ಮೇಲೇ ಹರಿದಿದ್ದುವಂತೆ, ಟೀಚರು ನೂರಕ್ಕೆ ನಲವತ್ತು ಕೊಟ್ಟರಂತೆ. ನಲವತ್ತು ತೆಗೆದುಕೊಂಡು ಆ ಹುಡುಗಿ ನೆಮ್ಮದಿಯಾಗಿ ಸಾಲಿನಲ್ಲಿ ಎಲ್ಲೋ ಹಿಂದೆ ನಡೆಯುತ್ತಿರುತ್ತಾಳೆ. ಸಿಗ್ನಲ್ಲು ಬಿಟ್ಟದ್ದು ಹಿಂದಿನವನು ಹಾರನ್ನು ಹೊಡೆದಾಗ ಗೊತ್ತಾಯಿತು.

ಗೋಡೆ ಅವನು ಅಂದುಕೊಂಡದ್ದಕ್ಕಿಂತ ಎತ್ತರವಾಗಿತ್ತು. ಮನೆಯ ಮುಂದಿನ ಬೀದಿ ನೇರವಾಗಿ ಬಂದು, ಇನ್ನೂ ಮುಂದೆ ಹೋಗುವ ಮನಸ್ಸಿದ್ದರೂ ಬೇರೆ ದಾರಿಯಿಲ್ಲದೆ, ಅದಕ್ಕೆ ತಾಗಿ ನಿಂತಿತ್ತು. ಬುಡದಲ್ಲಿ ಒಡೆದ ಸಿಂಕು, ಒಂದು ಕಾಲಿಲ್ಲದ ಕುರ್ಚಿ, ಕಲ್ಲಾಗಿ ಹೋದ ಸಿಮೆಂಟು ಚೀಲ. ಸ್ಕೂಟರು ನಿಲ್ಲಿಸಿ ಎಡಕ್ಕೂ ಬಲಕ್ಕೂ ನೋಡಿದ. ಇದನ್ನು ಬಳಸಿ ಆ ಕಡೆ ಹೋಗಲು ದಾರಿ ಇರಲೇಬೇಕು, ಮಗಳು ದಿನಾ ಹೋಗುತ್ತಾಳೆ. ಆ ಕಡೆಗೆ ಹೋಗಿ, ಮಕ್ಕಳು ಬರುವ ಮೊದಲೇ ತಿರುವಿನಲ್ಲಿ ನಿಂತು, ಏನೋ ಕೆಲಸದ ಮೇಲೆ ಬಂದವನಂತೆ ಟೀಚರನ್ನು ಮಾತಾಡಿಸಿ ಹೇಗೋ ಬೇರೆ ಕಡೆ ತಿರುಗಿಸಿದರಾಯಿತು. ಎಡಗಡೆಯ ಸಂದಿಯಲ್ಲಿ ನುಗ್ಗಿದರೆ ಹತ್ತು ಹೆಜ್ಜೆಗೆ ಯಾರದೋ ಹಿತ್ತಲು, ಒಣಹಾಕಿದ ಬಟ್ಟೆ. ಬಟ್ಟೆಯ ಹಿಂದಿನಿಂದ ಒಬ್ಬ ಹೆಂಗಸು ಯಾರು ಬೇಕು ಎಂದಳು. ಯಾರೂ ಬೇಡ ಎಂದು ಹಿಂದಿರುಗಿದ. ಇಡೀ ನಗರದ ನಕ್ಷೆ ಬರೆಯುವವನು ತನ್ನ ಬೀದಿಯ ತುದಿಯಲ್ಲಿ ದಾರಿ ಕಾಣದೆ ನಿಂತಿದ್ದ. ಅಷ್ಟರಲ್ಲಿ ಗೋಡೆಯ ಆ ಕಡೆ ಮಕ್ಕಳ ಗದ್ದಲ ಕೇಳಿಸಿತು.

ಎದೆಯ ಮಟ್ಟದಲ್ಲಿ ಒಂದು ಇಟ್ಟಿಗೆ ಉದುರಿದ್ದ ಕಡೆ ಬಗ್ಗಿ ಕಣ್ಣಿಟ್ಟ. ನೀರಿನ ಬಾಟಲಿಗಳು, ಬೆಲ್ಟಿನ ಬಕಲುಗಳು, ಟೀಚರ ಕೈಗಡಿಯಾರ, ಆ ಕೈಯಲ್ಲಿ ಅವನ ಹಾಳೆ. ಹಾಳೆಯ ಪಕ್ಕದಲ್ಲೇ ಮಗಳ ಜಡೆಯ ತುದಿ ಇತ್ತು. ಇಲ್ಲಿಂದ ನೇರವಾಗಿ ಹೋಗಬೇಕಲ್ಲ ಎಂದು ಟೀಚರು ಅನ್ನುತ್ತಿದ್ದರು, ಹಾಳೆ ಆ ಕಡೆ ಈ ಕಡೆ ತಿರುಗುತ್ತಿತ್ತು. ಗೋಡೆ ಹತ್ತಬೇಕಾ ಮಿಸ್ ಎಂದು ಹಿಂದಿನಿಂದ ಯಾರೋ ಕೇಳಿದರು. ನಗು ಸಾಲಿನ ಹಿಂದಿನಿಂದ ಮುಂದಕ್ಕೆ ಬಂತು. ನಗು ಇಳಿಯುತ್ತಿದ್ದಾಗ ಒಂದು ಹುಡುಗಿಯ ದನಿ, ಕೆಟ್ಟ ಮನಸ್ಸೇನೂ ಇಲ್ಲದ ದನಿ, ಹೇಳಿತು: ಅದು ಅವಳು ಬರೆದಿದ್ದಲ್ಲ ಮಿಸ್, ಅವರಪ್ಪ ಬರೆದಿದ್ದು.

“ಹೌದಾ?” ಎಂದರು ಟೀಚರು.

ಜಡೆಯ ತುದಿ ಅಲುಗಲಿಲ್ಲ. ಒಂದು ಮಾತು ಸಾಕಾಗಿತ್ತು. ನಾನು ಬರೆದದ್ದು, ತಪ್ಪು ನನ್ನದು ಎಂದು ಇಲ್ಲಿಂದಲೇ ಕೂಗಬಹುದಿತ್ತು. ಅವನ ಬಾಯಿಗೂ ಮಗಳ ಕಿವಿಗೂ ನಡುವೆ ಒಂದು ಇಟ್ಟಿಗೆಯಷ್ಟು ತೂತು, ಆರಡಿ ಗಾಳಿ. ಆದರೆ ಗೋಡೆಯೊಳಗಿಂದ ಒಬ್ಬ ಅಪ್ಪನ ದನಿ ಬರುವುದನ್ನು ಅವನು ಆ ಮಕ್ಕಳ ಕಿವಿಯಿಂದಲೇ ಕೇಳಿಬಿಟ್ಟ. ನಗು ಈಗ ಬಂದದ್ದಕ್ಕಿಂತ ಹತ್ತು ಪಟ್ಟಾಗುತ್ತದೆ, ಮಗಳ ಪಾಲಿಗೇ ಕಷ್ಟ ಎಂದುಕೊಂಡ. ಮಗಳ ಪಾಲಿಗೆ ಎಂದೇ ಅಂದುಕೊಂಡ. ಹಿತ್ತಲ ಹೆಂಗಸು ಸಂದಿಯ ಬಾಯಿಗೆ ಬಂದು, ಗೋಡೆಯ ತೂತಿನಲ್ಲಿ ಶಾಲೆಯ ಮಕ್ಕಳನ್ನು ಇಣುಕುತ್ತಿದ್ದ ಗಂಡಸನ್ನು ನೋಡುತ್ತ ನಿಂತಿದ್ದಳು.

“ಇಲ್ಲ ಮಿಸ್. ನಾನೇ ಬರೆದಿದ್ದು. ತಪ್ಪು ಬರೆದೆ,” ಎಂದಿತು ಮಗಳ ದನಿ.

ದಿನಾ ಹೇಗೆ ಬರುತ್ತೀಯ ಮತ್ತೆ ಎಂದು ಟೀಚರು ಕೇಳಿದರು. ಹೀಗೆ ಬನ್ನಿ ಮಿಸ್ ಎಂದು ಮಗಳು ಹೇಳಿದಳು, ಆ ದನಿಯಲ್ಲಿ ಅಳು ಇರಲಿಲ್ಲ. ಬಾಟಲಿಗಳು, ಬಕಲುಗಳು ತೂತಿನ ಮುಂದೆ ಒಂದೊಂದಾಗಿ ಸರಿದು ಹೋದವು. ಅವನಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ಸದ್ಯ ಎಂದೂ ಅನ್ನಿಸಿತು. ಎರಡನೆಯದು ಅನ್ನಿಸಿದ್ದಕ್ಕೆ ಮತ್ತಷ್ಟು ನಾಚಿಕೆಯಾಯಿತು.

ಮನೆಗೆ ಬಂದವನನ್ನು ನೋಡಿ ಹೆಂಡತಿ, ಬರಲ್ಲ ಅಂದಿದ್ದೆಯಲ್ಲ ಎಂದಳು. ಹೊಟ್ಟೆನೋವು ಎಂದ, ಆ ಸುಳ್ಳು ಹೇಗೂ ತಯಾರಾಗಿತ್ತು. ಹದಿನೈದು ನಿಮಿಷದ ಮೇಲೆ ಮಕ್ಕಳು ಗೇಟು ನೂಕಿಕೊಂಡು ಬಂದರು. ಎಲ್ಲರಿಗೂ ಏದುಸಿರು, ಎಲ್ಲರ ಮುಖವೂ ಕೆಂಪಗಾಗಿತ್ತು. ಒಂದು ಕಡೆ ಓಡಲೇಬೇಕು ಅಂತ ಇವಳು ಓಡಿಸಿದಳು ಆಂಟಿ ಎಂದು ಒಬ್ಬ ಹುಡುಗ ದೂರೂ ಅಲ್ಲದ ಹೊಗಳಿಕೆಯೂ ಅಲ್ಲದ ದನಿಯಲ್ಲಿ ಹೇಳಿದ. ಗೋಡೆಯನ್ನು ಅವರು ಆಗಲೇ ಮರೆತಂತಿತ್ತು. ಕುರ್ಚಿಯ ಅಜ್ಜಿ ಮೂವತ್ತೆಂಟು ಜನರನ್ನೂ ಹೆಸರು ಕೇಳದೆ ಬಿಡಲಿಲ್ಲವಂತೆ. ಮಗಳು ಬಿಸ್ಕತ್ತಿನ ತಟ್ಟೆ ಹಿಡಿದು ಓಡಾಡತೊಡಗಿದಳು. ಅಪ್ಪ ಈ ಹೊತ್ತಿನಲ್ಲಿ ಮನೆಯಲ್ಲಿರುವುದನ್ನು ನೋಡಿ ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಟೀಚರು, ಮೂವತ್ತರ ಆಸುಪಾಸಿನ ಹೆಂಗಸು, ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ಅವನ ಹತ್ತಿರ ಬಂದರು.

“ನಿಮ್ಮ ಹತ್ರ ಕ್ಷಮೆ ಕೇಳ್ಬೇಕು ನಾನು. ಈ ನಕ್ಷೆ ನೀವೇ ಬರೆದುಕೊಟ್ಟಿರಬೇಕು ಅಂತ ಅನುಮಾನ ಇತ್ತು. ಗೋಡೆ ನೋಡಿದ ಮೇಲೆ ಗೊತ್ತಾಯ್ತು. ಈ ಕೆಲಸದಲ್ಲೇ ಇರೋರು ಬರೆದಿದ್ರೆ ಇಂಥ ತಪ್ಪು ಆಗ್ತಿತ್ತಾ?”

ಹೆಂಡತಿ ನೀರಿನ ಜಗ್ಗನ್ನು ಬಗ್ಗಿಸಿದವಳು ಹಾಗೇ ನಿಂತಳು. ಮಗಳು ಮೂರು ಹೆಜ್ಜೆ ಆಚೆ, ತಟ್ಟೆ ಹಿಡಿದುಕೊಂಡು, ಅವನ ಮುಖವನ್ನೇ ನೋಡುತ್ತಿದ್ದಳು. ಇಲ್ಲಿ ಗೋಡೆ ಇರಲಿಲ್ಲ. ಟೀಚರ ಮುಖದಲ್ಲಿ ಮೆಚ್ಚುಗೆ ಇತ್ತು. ಅವನನ್ನು ಹಾಗೆ ಯಾರಾದರೂ ನೋಡಿ ಬಹಳ ಕಾಲವಾಗಿತ್ತು.

“ಮಕ್ಕಳು ತಪ್ಪು ಮಾಡಿಯೇ ಕಲೀಬೇಕಲ್ಲ,” ಎಂದು ಅವನು ಹೇಳಿದ.

ಎಲ್ಲ ತಂದೆತಾಯಿಗಳೂ ಹೀಗೇ ಇದ್ದರೆ ನಮ್ಮ ಕೆಲಸ ಎಷ್ಟು ಸುಲಭ ಎಂದರು ಟೀಚರು. ಮಗಳು ತಟ್ಟೆಯನ್ನು ಅವರ ಮುಂದೆ ಹಿಡಿದಳು, ಆಮೇಲೆ ಅವನ ಮುಂದೆಯೂ ಹಿಡಿದಳು. ಅವನು ಒಂದು ಬಿಸ್ಕತ್ತು ತೆಗೆದುಕೊಂಡ. ಮಕ್ಕಳೆಲ್ಲ ಹೋದ ಮೇಲೆ ಹೆಂಡತಿ ಲೋಟಗಳನ್ನು ಒಂದರೊಳಗೊಂದು ಸೇರಿಸುತ್ತ, ನಾನಾದರೂ ಹೇಳಿಬಿಡುತ್ತಿದ್ದೆ, ಮಗು ಬೇಡ ಅನ್ನುವ ಹಾಗೆ ನೋಡಿದಳು, ಸುಮ್ಮನಾದೆ ಎಂದಳು. ಜಗಳಕ್ಕೆ ಹೇಳಿದ್ದಲ್ಲ. ಲೋಟ ಹಿಂದಿರುಗಿಸಿ, ಚೀಲ ತೆಗೆದುಕೊಂಡು ಲ್ಯಾಬಿಗೆ ಹೊರಟುಹೋದಳು. ಅವನು ಆಫೀಸಿಗೆ ಹೋಗಲಿಲ್ಲ. ಹೊಟ್ಟೆನೋವಿನವನಂತೆ ಮಧ್ಯಾಹ್ನವೆಲ್ಲ ಮಲಗಿದ್ದು, ಟೀಚರಿಗೆ ಹೇಳಬಹುದಾಗಿದ್ದ ಮಾತುಗಳನ್ನು ಒಂದಾದ ಮೇಲೊಂದು ಜೋಡಿಸಿದ. ಒಂದರಲ್ಲಿ ಅವನು ನಗುತ್ತ ಒಪ್ಪಿಕೊಳ್ಳುತ್ತಿದ್ದ, ಇನ್ನೊಂದರಲ್ಲಿ ಗಂಭೀರವಾಗಿ. ಎರಡರಲ್ಲೂ ಕೊನೆಗೆ ಟೀಚರು ಅವನನ್ನು ಮೆಚ್ಚಿಕೊಳ್ಳುತ್ತಿದ್ದರು ಎಂಬುದು ಸ್ವಲ್ಪ ಹೊತ್ತಿನ ಮೇಲೆ ಅವನ ಗಮನಕ್ಕೆ ಬಂತು.

ಸಂಜೆ ಐದಕ್ಕೆ ಮಗಳು ಬಂದು, ಹಾಲು ಕುಡಿದು, ಊಟದ ಮೇಜಿನ ಮೇಲೆ ಹೊಸ ಹಾಳೆ ಹರಡಿದಳು. ನಕ್ಷೆ ತಿದ್ದಿ ತರಲು ಟೀಚರು ಹೇಳಿದ್ದರು. ಅವನು ಎದುರು ಕುರ್ಚಿಯಲ್ಲಿ ಬಂದು ಕೂತು, ಹಾಳೆ ಜಾರದಿರಲಿ ಎಂದು ಅದರ ಅಂಚಿನ ಮೇಲೆ ಕೈಯಿಟ್ಟ. ಅವಳು ಮನೆಯಿಂದ ಶುರುಮಾಡಿ ಬಲಕ್ಕೆ ಒಂದು ಗೆರೆ ಎಳೆದಳು. ಗೆರೆ ಸೊಟ್ಟಗೆ ಹೋಯಿತು. ಅದನ್ನು ತಿದ್ದದಿರಲು ಅವನು ಹಲ್ಲು ಕಚ್ಚಬೇಕಾಯಿತು.

“ಅಲ್ಲಿ ಗೋಡೆ ಇದೆ ಅಂತ ನಿನಗೆ ಗೊತ್ತಿತ್ತಲ್ಲ?”

“ದಿನಾ ನೋಡ್ತೀನಲ್ಲ.”

“ಮತ್ತೆ ನಾನು ಅಲ್ಲಿ ರಸ್ತೆ ಬರೆಯುವಾಗ ಯಾಕೆ ಹೇಳ್ಲಿಲ್ಲ?”

ಅವಳು ಪೆನ್ಸಿಲು ನಿಲ್ಲಿಸಿ ಯೋಚಿಸಿದಳು. ಉತ್ತರ ಗೊತ್ತಿಲ್ಲದೆ ಅಲ್ಲ, ಹೇಳಬಹುದೋ ಬಾರದೋ ಎಂದು ಯೋಚಿಸುತ್ತಿರುವುದು ಕಾಣುತ್ತಿತ್ತು.

“ನೀನು ಹಾಡು ಗುನುಗ್ತಾ ಇದ್ದೆ,” ಎಂದಳು. “ನೀನು ಯಾವತ್ತೂ ಹಾಡಲ್ಲ.”

ತಾನು ಗುನುಗಿದ್ದು ಅವನಿಗೆ ನೆನಪೇ ಇರಲಿಲ್ಲ. ಆ ಮಧ್ಯಾಹ್ನ ಅವನು ಅವಳಿಗೆ ಸಹಾಯ ಮಾಡುತ್ತಿದ್ದಷ್ಟು ಹೊತ್ತೂ ಅವಳು ಬಗಲಲ್ಲಿ ನಿಂತು, ಇಂಕು ಊದುತ್ತ, ಇಲ್ಲದ ರಸ್ತೆಯೊಂದು ಹಾಳೆಯ ಮೇಲೆ ಸಾಗುವುದನ್ನು ನೋಡಿ ಸುಮ್ಮನಿದ್ದಳು. ಹತ್ತು ವರ್ಷದ ಮಗು.

“ನಾಳೆ ಬಂದು ನಿಮ್ಮ ಮಿಸ್ ಹತ್ರ ನಾನೇ ಹೇಳ್ತೀನಿ. ನಾನು ಬರೆದಿದ್ದು ಅಂತ.”

“ಬೇಡ.”

“ಯಾಕೆ?”

“ಈಗ ಹೇಳಿದ್ರೆ ನಾನು ಸುಳ್ಳು ಹೇಳ್ದೆ ಅಂತಾಗುತ್ತೆ.” ಅವಳು ತಲೆಯೆತ್ತಲಿಲ್ಲ, ದನಿಯಲ್ಲಿ ಸಿಟ್ಟೂ ಇರಲಿಲ್ಲ. “ಹೇಳೋದಿದ್ರೆ ಅವರು ಕೇಳ್ದಾಗಲೇ ಹೇಳ್ಬೇಕಿತ್ತು.”

ಅವನು ಹೌದೆಂದು ತಲೆಯಾಡಿಸಿದ್ದನ್ನು ಅವಳು ನೋಡಲಿಲ್ಲ. ಗೆರೆ ಹಾಳೆಯ ಅಂಚಿಗೆ ಬಂದು ನಿಂತಿತ್ತು.

“ಕೈ ತೆಗಿ ಅಪ್ಪ. ಅಲ್ಲಿ ದಾರಿ ಇದೆ.”

ಅವನು ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ.